ಮೇಲೆ ಎಡಗಡೆ, ಒಂದು ಕೆಂಪು ಚುಕ್ಕೆ

ಅವಳನ್ನು ಎಲ್ಲರೂ ಇರುವೆ ಎಂದೇ ಕರೆಯುತ್ತಿದ್ದರು. ಆ ಹೆಸರಿಟ್ಟವನು ಅವಳ ಅಣ್ಣ. ಚಿಕ್ಕವಳಿದ್ದಾಗ ಒಮ್ಮೆ ನೆಲದ ಮೇಲೆ ಸಕ್ಕರೆ ಚೆಲ್ಲಿತ್ತಂತೆ. ಅವಳು ಪೊರಕೆ ಮುಟ್ಟದೆ, ಒಂದೊಂದೇ ಹರಳನ್ನು ಬೆರಳ ತುದಿಗೆ ಅಂಟಿಸಿಕೊಂಡು ಡಬ್ಬಿಗೆ ಹಾಕುತ್ತಾ ಮಧ್ಯಾಹ್ನವೆಲ್ಲ ಕೂತಿದ್ದಳಂತೆ. "ಇದು ಮನುಷ್ಯರ ಮಗು ಅಲ್ಲ, ಇರುವೆ ಮರಿ" ಎಂದು ಅಣ್ಣ ನಕ್ಕಿದ್ದ. ಈಗ ಅವಳಿಗೆ ಮೂವತ್ತೆಂಟು. ಕಿವಿಯ ಪಕ್ಕ ಕೂದಲು ಬೆಳ್ಳಗಾಗಲು ಶುರುವಾಗಿತ್ತು. ಹೆಸರು ಮಾತ್ರ ಹಾಗೇ ಉಳಿದಿತ್ತು, ಸ್ವಭಾವವೂ ಹಾಗೇ ಉಳಿದಿತ್ತು.

ಅಣ್ಣನ ಸ್ಟುಡಿಯೋ ಬಸ್ ನಿಲ್ದಾಣದ ಎದುರು, ಔಷಧಿ ಅಂಗಡಿಯ ಮೇಲಿನ ಮಹಡಿಯಲ್ಲಿತ್ತು. ಒಳಗೆ ಬಂದರೆ ಮೊದಲು ಕೌಂಟರು, ಪಕ್ಕದಲ್ಲಿ ನಿಲುಗನ್ನಡಿ. ಕನ್ನಡಿಯ ಮುಂದಿನ ಬಾಚಣಿಗೆಗೆ ದಾರ ಕಟ್ಟಿತ್ತು. ಬಾಚಣಿಗೆಗಳು ಗಿರಾಕಿಗಳ ಜೇಬಿನಲ್ಲಿ ಹೊರಟುಹೋಗುತ್ತಿದ್ದುದನ್ನು ನೋಡಿ ನೋಡಿ ಇರುವೆಯೇ ಕಟ್ಟಿದ್ದಳು. ಕೌಂಟರಿನ ಹಿಂದೆ ಫೋಟೊ ತೆಗೆಯುವ ಕೋಣೆ, ಅದರ ಆಚೆ ಕಿಟಕಿಯಿಲ್ಲದ ಅರ್ಧ ಕೋಣೆ. ಆ ಅರ್ಧ ಕೋಣೆಯಲ್ಲಿ ಒಂದು ಕಂಪ್ಯೂಟರು, ಒಂದು ಫ್ಯಾನು ಮತ್ತು ಇರುವೆ.

ಅಣ್ಣ ತೆಗೆದ ಫೋಟೊಗಳನ್ನು ತಿದ್ದುವುದು ಅವಳ ಕೆಲಸ. ಹಣೆಯ ಮೇಲಿನ ಮೊಡವೆ, ಕಾಲರಿನ ಮೇಲೆ ಬಿದ್ದ ಕೂದಲು, ಹಿಂದಿನ ಪರದೆಯ ಸುಕ್ಕು, ಎಲ್ಲವನ್ನೂ ಅವಳು ಒರೆಸುತ್ತಿದ್ದಳು. ಮಚ್ಚೆಯನ್ನು ಮಾತ್ರ ಕೇಳದೆ ಮುಟ್ಟುತ್ತಿರಲಿಲ್ಲ. "ಮೊಡವೆ ಮೊನ್ನೆ ಬಂದದ್ದು, ನಾಳೆ ಹೋಗುತ್ತೆ. ಮಚ್ಚೆ ಅವರ ಜೊತೆಗೇ ಹುಟ್ಟಿದ್ದು" ಎನ್ನುತ್ತಿದ್ದಳು. ಅವಳ ಕೈಯಿಂದ ಹೊರಬಂದ ಫೋಟೊ ನೋಡಿ "ನಾನು ಇಷ್ಟು ಚೆನ್ನಾಗಿದ್ದೀನಾ!" ಎಂದು ಜನ ಹಿಗ್ಗುತ್ತಿದ್ದರು. ಒಳಗೆ ಒಬ್ಬಳು ಕೂತಿದ್ದಾಳೆಂದು ಅವರಲ್ಲಿ ಎಷ್ಟೋ ಮಂದಿಗೆ ಗೊತ್ತೇ ಇರಲಿಲ್ಲ.

ಮೊದಲು ಹೀಗಿರಲಿಲ್ಲ. ನಾಲ್ಕು ವರ್ಷದ ಹಿಂದಿನವರೆಗೆ ಕ್ಯಾಮೆರಾ ಅವಳ ಕೈಯಲ್ಲಿತ್ತು.

ಅವಳು ಹತ್ತನೇ ತರಗತಿಯಲ್ಲಿದ್ದಾಗ ಅಪ್ಪ ತೀರಿಕೊಂಡಿದ್ದರು. ಅಣ್ಣ ಅವಳನ್ನು ಸ್ಟುಡಿಯೋಗೆ ಕರೆದುಕೊಂಡು ಬಂದ. ಕ್ಯಾಮೆರಾ ಹಿಡಿಯುವುದನ್ನು ಅವನೇ ಕಲಿಸಿದ. "ಮೊದಲು ಉಸಿರು ಬಿಡು. ಬಿಟ್ಟಾದ ಮೇಲೆ ಒತ್ತು" ಎಂದು ಹಿಂದೆ ನಿಂತು ಅವಳ ಮೊಣಕೈಗಳನ್ನು ಪಕ್ಕೆಗೆ ಒತ್ತಿಸುತ್ತಿದ್ದ. ಏಳು ವರ್ಷದ ಹಿಂದೆ ಸ್ಟುಡಿಯೋಗೆ ಫುಲ್ ಫ್ರೇಮ್ ಎನ್ನುವ ದುಬಾರಿ ಕ್ಯಾಮೆರಾ ಮೊದಲ ಸಲ ಬಂದಾಗ ಅಣ್ಣ ಅದನ್ನು ಅವಳ ಕೊರಳಿಗೇ ಹಾಕಿ, "ನಿನ್ನ ಕೈ ನಡುಗಲ್ಲ. ನೀನೇ ಹಿಡಿ" ಎಂದಿದ್ದ. ವಾರಂಟಿ ಕಾರ್ಡಿನಲ್ಲಿ ಕ್ಯಾಮೆರಾದ ನಂಬರು, ತಾರೀಕು, ಸ್ಟುಡಿಯೋದ ವಿಳಾಸ ಎಲ್ಲವನ್ನೂ ಇರುವೆ ತನ್ನ ಗುಂಡು ಅಕ್ಷರದಲ್ಲಿ ತುಂಬಿದ್ದಳು. ಅಣ್ಣ ಅದನ್ನು ಕೌಂಟರಿನ ಕೆಳಗಿನ ಖಾನೆಯಲ್ಲಿಟ್ಟು ಬೀಗ ಹಾಕಿದ. ಆ ಖಾನೆಗೆ ಒಂದೇ ಬೀಗದ ಕೈ. ಅದು ಅವನ ಸೊಂಟದಲ್ಲಿರುತ್ತಿತ್ತು.

ಆ ಕ್ಯಾಮೆರಾದಲ್ಲಿ ಒಂದು ಸಣ್ಣ ಐಬು ಇತ್ತು. ಮೊದಲ ವಾರವೇ ಇರುವೆಯ ಕಣ್ಣಿಗೆ ಬಿತ್ತು. ತೆಗೆದ ಪ್ರತಿ ಫೋಟೊದಲ್ಲೂ ಮೇಲೆ ಎಡಗಡೆ, ಮೂಲೆಯಿಂದ ಸ್ವಲ್ಪ ಒಳಗೆ, ಸಾಸಿವೆಗಿಂತ ಚಿಕ್ಕದಾದ ಒಂದು ಕೆಂಪು ಚುಕ್ಕೆ. ಅದರ ಕೆಳಗೆ, ಇನ್ನೂ ಮಂಕಾಗಿ ಒಂದು ನೀಲಿ ಚುಕ್ಕೆ. ಒಳಗೆ ಬೆಳಕು ಹಿಡಿಯುವ ಸೆನ್ಸರಿನಲ್ಲಿ ಎರಡು ಕಣ ಹುಟ್ಟುವಾಗಲೇ ಕೆಟ್ಟಿದ್ದವು. ಬೇರೆ ಯಾರ ಕಣ್ಣಿಗೂ ಬೀಳುವಂಥದ್ದಲ್ಲ. ಅಂಗಡಿಗೆ ವಾಪಸ್ ಕೊಟ್ಟಿದ್ದರೆ ಸರಿ ಮಾಡಿಕೊಡುತ್ತಿದ್ದರೇನೋ. ಆದರೆ ಅಣ್ಣ ಅದನ್ನು ಬಂದವರಿಗೆಲ್ಲ ತೋರಿಸುತ್ತಾ, ಹೊಸ ಮಗು ಹುಟ್ಟಿದ ಹಾಗೆ ಓಡಾಡುತ್ತಿದ್ದ. ಅವನ ಸಂತೋಷಕ್ಕೆ ಕಲ್ಲು ಹಾಕಲು ಅವಳಿಗೆ ಮನಸ್ಸು ಬರಲಿಲ್ಲ. ಯಾರಿಗೂ ಹೇಳದೆ ಮೂರು ವರ್ಷ, ಪ್ರತಿ ಫೋಟೊದಲ್ಲೂ ಮೊದಲು ಆ ಎರಡು ಚುಕ್ಕೆಯನ್ನು ಒರೆಸಿ, ಆಮೇಲೆ ಮುಖಕ್ಕೆ ಬರುತ್ತಿದ್ದಳು. ಬಾಗಿಲ ಕದ ಹಾಕುವಷ್ಟು ರೂಢಿಯಾಗಿತ್ತು ಆ ಕೆಲಸ. ಕೈ ತಾನಾಗಿ ಅಲ್ಲಿಗೆ ಹೋಗುತ್ತಿತ್ತು.

ಆಮೇಲೆ ಆ ಶಾಲೆಯ ದಿನ ಬಂತು. ಬಸ್ ನಿಲ್ದಾಣದ ಹಿಂದಿನ ಶಾಲೆಯಲ್ಲಿ ಗ್ರೂಪ್ ಫೋಟೊ ಇತ್ತು. ಬೆಳಗಿನಿಂದ ಹನ್ನೆರಡು ತರಗತಿ. ಮುಗಿದ ಮೇಲೆ ಅವಳು ಕ್ಯಾಮೆರಾವನ್ನು ಚೀಲಕ್ಕೆ ಹಾಕಿ, ಜಿಪ್ ಎಳೆದು, ಶಾಲೆಯ ಮೆಟ್ಟಿಲ ಮೇಲಿಟ್ಟಳು. ಬೆಂಚುಗಳನ್ನು ಒಳಗಿಡಲು ಕೈಜೋಡಿಸಿದಳು. ಬಂದು ಚೀಲ ಎತ್ತಿ, ಅಣ್ಣ ಕಾಯುತ್ತಿದ್ದ ಕಾರಿನ ಹಿಂದಿನ ಸೀಟಿಗೆ ಹಾಕಿದಳು, ಹಾಕಿದೆ ಎಂದುಕೊಂಡಳು. ಲೆಕ್ಕದ ಟೀಚರ್ ಕರೆದರೆಂದು ಮತ್ತೆ ಐದು ನಿಮಿಷ ಒಳಗೆ ಹೋಗಿ ಬಂದಳು. ಸ್ಟುಡಿಯೋ ಮುಂದೆ ಕಾರು ನಿಂತಾಗ ಹಿಂದಿನ ಸೀಟಿನಲ್ಲಿ ಚೀಲ ಇರಲಿಲ್ಲ.

"ಮೆಟ್ಟಿಲ ಮೇಲೇ ಬಿಟ್ಟೆ ಅನ್ಸುತ್ತೆ, ಇರುವೆ" ಎಂದ ಅಣ್ಣ.

"ಕಾರಿಗೆ ಹಾಕ್ದೆ ಅಣ್ಣಾ."

"ಹಾಕಿದ್ರೆ ಇರ್ಬೇಕಿತ್ತಲ್ಲ? ನಾನು ಕಾರು ಬಿಟ್ಟು ಕದಲಿಲ್ಲ."

ಓಡಿಹೋಗಿ ನೋಡಿದರೆ ಮೆಟ್ಟಿಲು ಖಾಲಿ. ಅಲ್ಲಿ ಯಾರಿದ್ದರು ಎಂದು ಹೆಡ್ ಮೇಡಂ ಕೇಳಿದಾಗ, "ಗೇಟಿನ ವಾಚ್‌ಮನ್ ಒಬ್ಬರೇ ಇದ್ರು" ಎಂದು ಇರುವೆ ಹೇಳಿದಳು. ನಿಜವೇ ಹೇಳಿದ್ದಳು, ಅವರೊಬ್ಬರೇ ಇದ್ದರು. ಎಲ್ಲರ ಮುಂದೆ ವಾಚ್‌ಮನ್ನರ ಪೆಟ್ಟಿಗೆ ತೆರೆಸಿದರು, ಊಟದ ಡಬ್ಬಿಯನ್ನೂ ತೆರೆಸಿದರು. ಏನೂ ಸಿಗಲಿಲ್ಲ. ಆದರೂ ತಿಂಗಳು ಮುಗಿಯುವ ಮೊದಲೇ ಅವರ ಕೆಲಸ ಹೋಯಿತು.

ಅಣ್ಣ ಅವಳಿಗೆ ಒಂದು ಮಾತೂ ಬೈಯಲಿಲ್ಲ. "ಹೋಗ್ಲಿ ಬಿಡು. ಮನುಷ್ಯರು ಅಂದ್ಮೇಲೆ ಮರೀತಾರೆ" ಎಂದ. ಅಂಥ ದೊಡ್ಡ ತಪ್ಪನ್ನು ಹೊಟ್ಟೆಗೆ ಹಾಕಿಕೊಂಡನಲ್ಲ ಎಂದು ನೆಂಟರಿಷ್ಟರೆಲ್ಲ ಅವನನ್ನು ಹೊಗಳಿದರು. "ಸ್ವಲ್ಪ ದಿನ ಒಳಗೆ ಕಂಪ್ಯೂಟರ್ ಕೆಲಸ ನೋಡ್ಕೋ. ನಿನ್ನ ಮನಸ್ಸು ಸರಿಯಿಲ್ಲ" ಎಂದ. ಸ್ವಲ್ಪ ದಿನ ನಾಲ್ಕು ವರ್ಷವಾಯಿತು. ಇರುವೆ ಕೇಳಲೂ ಇಲ್ಲ. ಯಾವ ಬಾಯಲ್ಲಿ ಕೇಳುವುದು? ತಿದ್ದುತ್ತಾ ಕೂತಾಗೆಲ್ಲ ಆ ದಿನವನ್ನು ಮತ್ತೆ ಮತ್ತೆ ಮೊದಲಿಂದ ನಡೆಸುತ್ತಿದ್ದಳು. ಜಿಪ್ ಎಳೆದದ್ದು ನೆನಪಿದೆ. ಮೆಟ್ಟಿಲು ನೆನಪಿದೆ. ಚೀಲ ಎತ್ತಿದ್ದು? ನೆನಪಿದೆಯೋ, ನೆನಪಿದೆ ಎಂದು ತಾನೇ ಹೇಳಿಕೊಳ್ಳುತ್ತಿದ್ದೇನೋ? ಸಾವಿರ ಸಲ ಉಜ್ಜಿದ ಜಾಗದಲ್ಲಿ ಬಣ್ಣ ಹೋಗುವ ಹಾಗೆ, ಆ ನೆನಪೂ ಮಾಸಿಹೋಯಿತು. ಕೊನೆಗೆ ಅವಳೂ ನಂಬಿದಳು: ನಾನೇ ಮರೆತೆ.

ಹೀಗಿರುವಾಗ ಅಣ್ಣನ ಕಣ್ಣಿಗೆ ಪೊರೆ ಬಂತು. ಅವನು ತೆಗೆದ ಫೋಟೊಗಳಲ್ಲಿ ಮೂಗು ಸ್ಪಷ್ಟ, ಕಣ್ಣು ಮಸುಕು. ಒಂದು ದಿನ ಗಿರಾಕಿಯೊಬ್ಬರು ಫೋಟೊ ನೋಡಿ, "ಏನ್ರೀ, ನನ್ನ ಮೂಗಿಗೆ ಪಾಸ್‌ಪೋರ್ಟ್ ಮಾಡಿಸ್ತಿಲ್ಲ ನಾನು" ಎಂದುಬಿಟ್ಟರು. ಮಾತು ಮನೆಯವರೆಗೆ ಬಂತು. ಅತ್ತಿಗೆ ಸುಮ್ಮನಿರುವವಳಲ್ಲ.

"ಸಾಕು ಮಾಡ್ರೀ. ಇನ್ನು ಕ್ಯಾಮೆರಾ ಇರುವೆ ಹಿಡೀಲಿ. ನೀವು ಕೌಂಟರ್ ನೋಡ್ಕೊಳ್ಳಿ" ಎಂದಳು.

"ಇರೋ ಕ್ಯಾಮೆರಾನೂ ಸಾಯ್ತಾ ಇದೆ" ಎಂದ ಅಣ್ಣ.

"ಹಾಗಾದ್ರೆ ಬೇರೆ ತಗೊಳ್ಳಿ. ಅವಳೇ ಆರಿಸ್ಲಿ."

ಅಣ್ಣ ಗೋಡೆ ನೋಡುತ್ತಾ ತಟ್ಟೆಯ ಅನ್ನ ಕಲಸಿದ. "ಸರಿ" ಎಂದ ಕೊನೆಗೆ. "ನೀನು ಯಾವುದು ಆರಿಸ್ತೀಯೋ ಅದು ನಿನ್ನ ಕೈಯಲ್ಲೇ ಇರ್ಲಿ, ಇರುವೆ."

ಆ ಮಾತು ಕೇಳಿ ಇರುವೆ ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ನಲ್ಲಿ ತಿರುಗಿಸಿ, ತೊಳೆದ ತಟ್ಟೆಯನ್ನೇ ಮೂರು ಸಲ ತೊಳೆದಳು.

ಊರ ಇನ್ನೊಂದು ತುದಿಯಲ್ಲಿ ಹೊಸದಾಗಿ ಶುರುವಾದ ಹಳೆ ಕ್ಯಾಮೆರಾಗಳ ಅಂಗಡಿಯಲ್ಲಿ ಎರಡು ಫುಲ್ ಫ್ರೇಮ್‌ಗಳಿದ್ದವು. ಒಂದೇ ಕಂಪನಿಯವು, ಅವರ ಹತ್ತಿರವಿದ್ದ ಲೆನ್ಸುಗಳು ಎರಡಕ್ಕೂ ಹೊಂದುತ್ತಿದ್ದವು. ಒಂದು, ಕಳೆದುಹೋದ ಕ್ಯಾಮೆರಾದ್ದೇ ಮಾಡೆಲ್. ಇನ್ನೊಂದು ಅದರ ನಂತರ ಬಂದದ್ದು. ಅಂಗಡಿಯವನು ಗುರುತಿನವರ ಮಾತಿನ ಮೇಲೆ ಎರಡನ್ನೂ ಮೂರು ದಿನಕ್ಕೆ ಕೊಟ್ಟ. "ನೋಡಿ ಮೇಡಂ. ಇಷ್ಟ ಆದದ್ದು ಇಟ್ಕೊಳ್ಳಿ, ಇನ್ನೊಂದು ತಂದ್ಕೊಡಿ" ಎಂದ.

ಇರುವೆ ಒಂದು ನೋಟ್‌ಬುಕ್ ತೆಗೆದು ಹಾಳೆಯ ನಡುವೆ ಸ್ಕೇಲಿನಿಂದ ಗೆರೆ ಎಳೆದಳು. ಎಡಕ್ಕೆ 'ಹಳೆಯದು', ಬಲಕ್ಕೆ 'ಹೊಸದು'.

ಮೊದಲ ದಿನ ಅಡುಗೆಮನೆಯ ತಕ್ಕಡಿಯಲ್ಲಿ ಎರಡನ್ನೂ ತೂಗಿದಳು. ಹೊಸದು ಹಗುರ. ಒಂದು ಗಂಟೆ ಕೊರಳಿಗೆ ಹಾಕಿಕೊಂಡು ಮನೆಗೆಲಸ ಮಾಡಿದಳು. ಹಳೆಯದು ಕುತ್ತಿಗೆ ಎಳೆಯಿತು, ಆದರೆ ಅಂಗೈಗೆ ಸರಿಯಾಗಿ ಕೂತಿತು. ಗೋಡೆಗೆ ಒಂದು ದಿನಪತ್ರಿಕೆಯ ಹಾಳೆ ಅಂಟಿಸಿ, ಎರಡರಿಂದಲೂ ತೆಗೆದು, ನಾಲ್ಕು ಮೂಲೆಯ ಅಕ್ಷರಗಳನ್ನು ದೊಡ್ಡದು ಮಾಡಿ ಓದಿದಳು. ಎಷ್ಟು ಸಲ ಶಟರ್ ಬಡಿದಿದೆ ಎಂದು ನೋಡಿದಳು. ಹಳೆಯದು ಬಹಳ ದುಡಿದಿತ್ತು, ಹೊಸದು ಅದರ ಕಾಲು ಭಾಗವೂ ಇಲ್ಲ. ಎಲ್ಲವನ್ನೂ ಬರೆದಳು.

ಎರಡನೇ ದಿನ ಮುಖದ ಸರದಿ. ಅತ್ತಿಗೆಯನ್ನು ಕಿಟಕಿಯ ಪಕ್ಕ ಕೂರಿಸಿದಳು.

"ಎಷ್ಟು ತೆಗೀತೀಯೇ? ನನ್ನ ಮದುವೇಲೂ ಇಷ್ಟು ಫೋಟೊ ತೆಗೆದಿರ್ಲಿಲ್ಲ" ಎಂದಳು ಅತ್ತಿಗೆ.

"ಅಲುಗಾಡ್ಬೇಡಿ ಅತ್ತಿಗೆ. ನಿಮ್ಮ ಕೂದಲಿನ ಕಪ್ಪು ನೋಡ್ಬೇಕು."

"ಬಣ್ಣ ಹಚ್ಚಿದ್ದು ಕಾಣುತ್ತಾ?"

"ಹೊಸದರಲ್ಲಿ ಕಾಣುತ್ತೆ. ಹಳೇದು ನಿಮ್ಮ ಮಾನ ಉಳಿಸಿದೆ."

"ಹಾಗಾದ್ರೆ ಹಳೇದೇ ತಗೋ!" ಎಂದು ಅತ್ತಿಗೆ ನಕ್ಕಳು. ಇರುವೆಯೂ ನಕ್ಕಳು. ಉಸಿರು ಬಿಟ್ಟು, ಬಿಟ್ಟಾದ ಮೇಲೆ ಒತ್ತುತ್ತಿದ್ದ ಅವಳ ಕೈ ಒಂದಿಷ್ಟೂ ನಡುಗಲಿಲ್ಲ. ನಾಲ್ಕು ವರ್ಷದ ನಂತರವೂ ಮರೆತಿರಲಿಲ್ಲ.

ಮಧ್ಯಾಹ್ನ ಅರ್ಧ ಕೋಣೆಗೆ ಹೋಗಿ ಆ ಫೋಟೊಗಳನ್ನು ಕಂಪ್ಯೂಟರಿಗೆ ಹಾಕಿದಳು. ಹಳೆಯದರ ಮೊದಲ ಫೋಟೊ ತೆರೆದಳು. ಅವಳು ಇನ್ನೂ ಅತ್ತಿಗೆಯ ಕಣ್ಣನ್ನು ನೋಡುತ್ತಿದ್ದಳು. ಅಷ್ಟರಲ್ಲಿ ಅವಳ ಕೈ ತಾನಾಗಿ ಮೌಸನ್ನು ಮೇಲೆ ಎಡಗಡೆಗೆ ಒಯ್ದು, ಒಂದು ಚುಕ್ಕೆಯನ್ನು ಒರೆಸಿತ್ತು.

ಒರೆಸಿದ ಮೇಲೆ ಅವಳಿಗೆ ತಿಳಿಯಿತು. ಒರೆಸಿದ್ದನ್ನು ವಾಪಸ್ ತಂದಳು. ದೊಡ್ಡದು ಮಾಡಿದಳು. ಕೆಂಪು ಚುಕ್ಕೆ. ಅದರ ಕೆಳಗೆ ಮಂಕಾಗಿ, ನೀಲಿ.

ಇರುವೆ ಅವಸರದವಳಲ್ಲ. ಎದ್ದು ಒಂದು ಲೋಟ ನೀರು ಕುಡಿದು ಬಂದಳು. ಲೆನ್ಸಿಗೆ ಮುಚ್ಚಳ ಹಾಕಿ ಬರೀ ಕತ್ತಲೆಯ ಫೋಟೊ ತೆಗೆದಳು. ಕತ್ತಲೆಯಲ್ಲೂ ಅದೇ ಎರಡು ಚುಕ್ಕೆ. ನಾಲ್ಕು ವರ್ಷದ ಹಿಂದಿನ ಡಿಸ್ಕ್ ಹುಡುಕಿ, ತಾನು ತಿದ್ದುವ ಮೊದಲಿನ ಒಂದು ಫೋಟೊ ತೆರೆದು, ಎರಡನ್ನೂ ಒಂದರ ಮೇಲೊಂದು ಇಟ್ಟಳು. ಚುಕ್ಕೆಯ ಮೇಲೆ ಚುಕ್ಕೆ ಕೂತಿತು. ಕ್ಯಾಮೆರಾದ ಅಡಿಯಲ್ಲಿ ನಂಬರಿನ ಚೀಟಿಯನ್ನು ಯಾರೋ ಕೆರೆದಿದ್ದರು. ಆದರೆ ಪ್ರತಿ ಫೋಟೊದ ಒಳಗೂ ಕ್ಯಾಮೆರಾ ತನ್ನ ನಂಬರನ್ನು ತಾನೇ ಬರೆದಿಟ್ಟಿರುತ್ತದೆ. ಎರಡೂ ಫೋಟೊದಿಂದ ಅದನ್ನೂ ತೆಗೆದು ನೋಡಿದಳು. ಮೊದಲಿನಿಂದ ಕೊನೆಯವರೆಗೆ ಒಂದೊಂದೇ ಅಂಕಿಯ ಮೇಲೆ ಬೆರಳಿಟ್ಟು ಎರಡು ಸಲ ಓದಿದಳು. ಒಂದೂ ತಪ್ಪಲಿಲ್ಲ. ನಂಬರನ್ನು ಒಂದು ಹಾಳೆಯಲ್ಲಿ ಬರೆದು, ಚುಕ್ಕೆಯ ಫೋಟೊವನ್ನು ಪ್ರಿಂಟ್ ತೆಗೆದಿಟ್ಟಳು.

ಅವಳಿಗೆ ಮೊದಲು ಬಂದದ್ದು ಬರೀ ಸಂತೋಷ. ಎದ್ದವಳು ಚಪ್ಪಲಿಯನ್ನೂ ಹಾಕಿಕೊಳ್ಳದೆ ಕೌಂಟರಿಗೆ ಓಡಿದಳು.

"ಅಣ್ಣಾ! ಸಿಕ್ತು ಅಣ್ಣಾ! ನಮ್ಮ ಕ್ಯಾಮೆರಾ ಸಿಕ್ತು!"

ಅಣ್ಣ ಟೀ ಕುಡಿಯುತ್ತಿದ್ದ. ಅವಳು ಚುಕ್ಕೆಯ ಕಥೆಯನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳಿದಳು. ಮೂರು ವರ್ಷ ಮುಚ್ಚಿಟ್ಟಿದ್ದನ್ನೂ ಹೇಳಿದಳು. ಅಣ್ಣ ಲೋಟವನ್ನು ಕೌಂಟರಿನ ಮೇಲಿಟ್ಟ. ಸಿಕ್ಕಿದ್ದು ಹೇಗೆ, ಆ ಅಂಗಡಿಗೆ ಯಾರು ತಂದರು ಎಂದು ಕೇಳಲಿಲ್ಲ.

"ಚುಕ್ಕೆ ಎಲ್ಲಾ ಕ್ಯಾಮೆರಾದಲ್ಲೂ ಬರುತ್ತೆ" ಎಂದ.

"ನಂಬರೂ ಅದೇ ಅಣ್ಣಾ."

"ಇರ್ಲಿ. ಹೊಸದನ್ನೇ ತಗೋ. ಅದನ್ನ ವಾಪಸ್ ಕೊಟ್ಬಿಡು. ಅಂಗಡಿಯವನ ಹತ್ರ ಏನೂ ಬಾಯಿ ಬಿಡ್ಬೇಡ. ಪೊಲೀಸು, ಸ್ಟೇಷನ್ನು, ಯಾರಿಗೆ ಬೇಕು ಆ ರಗಳೆ."

ಅವನು ಜಗಳ ಅಂದರೆ ದೂರ ಇರುವ ಮನುಷ್ಯ, ಅದಕ್ಕೇ ಹೀಗಂದ ಎಂದುಕೊಂಡಳು ಇರುವೆ. ಆದರೆ ಅವಳಿಗೆ ಸುಮ್ಮನಿರಲು ಆಗಲಿಲ್ಲ. ಅವಳಿಗೆ ಬೇಕಾಗಿದ್ದು ಪೊಲೀಸರಲ್ಲ. ಯಾರು ಕದ್ದರು ಎನ್ನುವುದಷ್ಟೇ. ಆ ವಾಚ್‌ಮನ್ ಈಗ ಮಾರುಕಟ್ಟೆಯ ಹತ್ತಿರ ಸೈಕಲ್ ಸ್ಟ್ಯಾಂಡಿನಲ್ಲಿ ಚೀಟಿ ಕೊಡುತ್ತಿದ್ದರು. ನಾಲ್ಕು ವರ್ಷದಿಂದ ಅವಳು ಆ ರಸ್ತೆ ಬಂದರೆ ಎದುರಿನ ಬದಿಗೆ ಹೋಗಿಬಿಡುತ್ತಿದ್ದಳು. ಅವರು ಕಳ್ಳರಾಗಿದ್ದರೆ ಅದು ಗೊತ್ತಾಗಲಿ, ಅಲ್ಲದಿದ್ದರೆ ಅದೂ ಗೊತ್ತಾಗಲಿ. ಮೂರನೇ ದಿನ ಬೆಳಗ್ಗೆ ಅವಳು ಅಂಗಡಿಗೆ ಹೋದಳು.

"ಹಳೇ ಕ್ಯಾಮೆರಾ ನಿಮಗೆ ಎಲ್ಲಿಂದ ಬಂತು?" ಎಂದು ಕೇಳಿದಳು.

ಅಂಗಡಿಯವನಿಗೆ ತನ್ನ ಮೇಲೇ ಅನುಮಾನವೇನೋ ಎನಿಸಿತು. "ಕದ್ದ ಮಾಲು ನಾನು ಮುಟ್ಟಲ್ಲ ಮೇಡಂ! ಬೇರೆ ಊರಿನ ಫೋಟೊಗ್ರಾಫರ್ ಒಬ್ರು ಕೊಟ್ಟದ್ದು. ಅವರೂ ಭಾರಿ ಹುಷಾರು ಮನುಷ್ಯ. ಕಾಗದಪತ್ರ ಇಲ್ದೆ ತಗೊಳ್ಳೋದೇ ಇಲ್ಲ ಅಂತ ಹಟ ಮಾಡಿ, ಮೊದಲಿನ ಓನರ್ ಹತ್ರ ಎಲ್ಲಾ ಈಸ್ಕೊಂಡಿದ್ದಾರೆ. ಕವರ್ ಇಲ್ಲೇ ಇದೆ. ನಾನು ಇನ್ನೂ ಬಿಚ್ಚೂ ನೋಡಿಲ್ಲ."

ಒಂದು ಕಂದು ಲಕೋಟೆಯನ್ನು ಅವಳ ಮುಂದೆ ಸರಿಸಿದ. ಇರುವೆ ಬಿಚ್ಚಿದಳು. ಒಳಗೆ ವಾರಂಟಿ ಕಾರ್ಡ್ ಇತ್ತು.

ಕಾರ್ಡಿನ ಮೇಲೆ ಅವಳದೇ ಗುಂಡು ಅಕ್ಷರ. ಸ್ಟುಡಿಯೋದ ವಿಳಾಸ ಬರೆಯುವಾಗ ಜಾಗ ಸಾಲದೆ ಕೊನೆಯ ಸಾಲನ್ನು ಸಣ್ಣದಾಗಿ ಬರೆದಿದ್ದಳು. ಅದೂ ಹಾಗೇ ಇತ್ತು. ಹಿಂಬದಿಯಲ್ಲಿ, ಕ್ಯಾಮೆರಾ ಮಾರಿದ್ದೇನೆ ಎಂಬ ಒಂದು ಸಾಲು, ಕೆಳಗೆ ಅಣ್ಣನ ಸಹಿ. ತಾರೀಕು, ಶಾಲೆಯ ಆ ದಿನವಾಗಿ ಐದನೇ ದಿನದ್ದು.

ಶಾಲೆಯ ಮೆಟ್ಟಿಲಿನಿಂದ ಚೀಲ ಎತ್ತಿಕೊಂಡು ಹೋದ ಕಳ್ಳನಿಗೆ, ಬೀಗ ಹಾಕಿದ ಖಾನೆಯೊಳಗಿನ ಕಾರ್ಡು ಸಿಗುವುದಿಲ್ಲ.

"ಯಾಕೆ ಮೇಡಂ, ಏನಾದ್ರೂ ಹೆಚ್ಚುಕಮ್ಮಿನಾ?" ಎಂದ ಅಂಗಡಿಯವನು.

"ಇಲ್ಲ" ಎಂದಳು ಇರುವೆ. "ಎಲ್ಲಾ ಸರಿಯಾಗೇ ತುಂಬಿದ್ದಾರೆ. ಈ ಕಾರ್ಡ್ ಇವತ್ತೊಂದು ದಿನ ನನ್ನ ಹತ್ರ ಇರ್ಲಾ?"

ಬಸ್ಸಿನಲ್ಲಿ ಕೂತಾಗ ಅವಳಿಗೆ ಅಳು ಬರಲಿಲ್ಲ. ಬೇರೆ ಏನೋ ಬಂತು. ಕಾರಿನ ಬಾಗಿಲು. ಅದರ ಹಿಡಿಕೆ ಬಿಸಿಲಿಗೆ ಕಾದಿತ್ತು. ಸೆರಗಿನ ತುದಿಯಿಂದ ಹಿಡಿದು ತೆರೆದಿದ್ದಳು. ಚೀಲವನ್ನು ಸೀಟಿನ ಮೇಲಿಟ್ಟು, ಉರುಳದಿರಲಿ ಎಂದು ಬೆಲ್ಟನ್ನೂ ಹಾಕಿದ್ದಳು. ಹಾಕಿದ್ದಳು. ನಾಲ್ಕು ವರ್ಷದಿಂದ ಎಲ್ಲಿಗೋ ಹೋಗಿದ್ದ ನೆನಪು ಬಂದು ಪಕ್ಕದ ಸೀಟಿನಲ್ಲಿ ಕೂತಿತ್ತು. ಅವಳು ಮರೆತಿರಲಿಲ್ಲ. ತಾನು ಮರೆತೆ ಎಂದು ಅವಳನ್ನು ನಂಬಿಸಿದ್ದರು.

ಸ್ಟುಡಿಯೋದಲ್ಲಿ ಗಿರಾಕಿಗಳಿರಲಿಲ್ಲ. ಇರುವೆ ಕಾರ್ಡನ್ನು ಕೌಂಟರಿನ ಮೇಲೆ, ಅಣ್ಣನ ಮುಂದೆ ಇಟ್ಟಳು. ಅವನು ಕನ್ನಡಕ ತೆಗೆದು, ಕಾರ್ಡನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದ. ಆಮೇಲೆ ಎದ್ದು ಬಾಗಿಲು ಮುಂದೆ ಮಾಡಿ ಬಂದ.

"ಬೆಲ್ಟ್ ಹಾಕಿದ್ದೆ ಅಲ್ವಾ ಅಣ್ಣಾ, ನಾನು?"

ಅವನು ಕಾರ್ಡನ್ನು ಕೌಂಟರಿನ ಮೇಲೆ ಬೋರಲು ಹಾಕಿದ.

"ಹೇಳು. ಹಾಕಿದ್ದೆ ಅಲ್ವಾ?"

"ಹಾಕಿದ್ದೆ" ಎಂದ. "ನೀನು ಟೀಚರ್ ಹತ್ರ ಹೋದಾಗ ಡಿಕ್ಕಿಗೆ ಹಾಕ್ದೆ. ಸ್ಟೆಪ್ನಿ ಕೆಳಗೆ."

"ಯಾಕೆ?"

ಅಣ್ಣ ಕೌಂಟರಿನ ಅಂಚನ್ನು ಉಗುರಿನಿಂದ ಕೆರೆಯುತ್ತಾ ಕೂತ. "ನಿನಗೆ ಗೊತ್ತಿಲ್ಲ ಬಿಡು. ಬಂದವ್ರೆಲ್ಲ 'ತಂಗಿ ಇದ್ದಾರಾ' ಅಂತಾನೇ ಕೇಳೋರು. ಇಲ್ಲ ಅಂದ್ರೆ 'ಆಮೇಲೆ ಬರ್ತೀವಿ' ಅಂತ ಮೆಟ್ಟಿಲಿಳಿದು ಹೋಗೋರು. ನಾನು ಇಲ್ಲೇ ಕೂತಿರ್ತಿದ್ದೆ, ಇರುವೆ. ನನ್ನ ಸ್ಟುಡಿಯೋ. ನನ್ನ ಬೋರ್ಡು. ಕಲಿಸಿದವನು ನಾನು. ಒಂದು ದಿನ ಒಬ್ಬಳು ನನ್ನನ್ನೇ ಕೇಳಿದ್ಲು, 'ನೀವು ಇಲ್ಲಿ ಕೆಲಸಕ್ಕಿದ್ದೀರಾ' ಅಂತ."

"ಹೇಳ್ಬಹುದಿತ್ತಲ್ಲ ನನಗೆ? ಒಳಗೆ ಕೂತ್ಕೋ ಅಂದಿದ್ರೆ ಕೂತ್ಕೋತಿದ್ದೆ. ನೀನು ಹೇಳಿದ್ದು ಯಾವುದನ್ನ ನಾನು ಮಾಡಿಲ್ಲ?"

"ಹೇಗೆ ಹೇಳೋದು ಅದನ್ನ" ಎಂದ ಅಣ್ಣ.

ಅವಳಿಗೆ ಎಲ್ಲಕ್ಕಿಂತ ಹೆಚ್ಚಾಗಿ ಚುಚ್ಚಿದ್ದು ಆ 'ಹೋಗ್ಲಿ ಬಿಡು'. ಕದ್ದದ್ದನ್ನಾದರೂ ಮರೆಯಬಹುದಿತ್ತು. ಕದ್ದವನೇ ದೊಡ್ಡ ಮನಸ್ಸು ಮಾಡಿ ಅವಳನ್ನು ಕ್ಷಮಿಸಿದ್ದ. ಆ ಕ್ಷಮೆಯ ಋಣ ತೀರಿಸಲು ಅವಳು ನಾಲ್ಕು ವರ್ಷ ಕಿಟಕಿಯಿಲ್ಲದ ಕೋಣೆಯಲ್ಲಿ ತಲೆ ತಗ್ಗಿಸಿ ಕೂತಿದ್ದಳು.

"ವಾಚ್‌ಮನ್?" ಎಂದಳು. "ಅವರ ಊಟದ ಡಬ್ಬಿ ತೆರೆಸಿದಾಗ ನೀನೂ ಅಲ್ಲೇ ನಿಂತಿದ್ದೆ."

"ಅವನ ಹೆಸರು ಹೇಳಿದ್ದು ನೀನು" ಎಂದ ಅಣ್ಣ ತಟ್ಟನೆ. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡ. ಆದರೆ ಮಾತು ಆಗಲೇ ಹೊರಗೆ ಬಿದ್ದಿತ್ತು.

ಇರುವೆ ಕಾರ್ಡನ್ನು ಎತ್ತಿಕೊಂಡಳು. "ಹೌದು, ಹೇಳಿದ್ದು ನಾನೇ. ಅದಕ್ಕೇ ನಾನೇ ಹೋಗಿ ಹೇಳ್ತೀನಿ. ಮೊದಲು ಅವರಿಗೆ, ಆಮೇಲೆ ಹೆಡ್ ಮೇಡಂಗೆ."

ಅಣ್ಣ ಎದ್ದು ನಿಂತ. "ತಾಳು. ತಾಳೇ. ಎರಡೂ ಕ್ಯಾಮೆರಾ ನೀನೇ ಇಟ್ಕೋ. ಇವತ್ತಿಂದ ನಾನು ಕ್ಯಾಮೆರಾ ಮುಟ್ಟಲ್ಲ. ಬೋರ್ಡಿನ ಮೇಲೆ ನಿನ್ನ ಹೆಸರೂ ಬರೆಸ್ತೀನಿ. ಆದ್ರೆ ಹೊರಗೆ ಹೇಳ್ಬೇಡ. ಮನೆ ಮಾತು ಮನೇಲೇ ಇರ್ಲಿ. ಸ್ಟುಡಿಯೋ ಮಾನ ಹೋಗುತ್ತೆ. ಹೇಳ್ತೀನಿ ಅಂತ ಹೊರಟ್ರೆ..."

"ಹೊರಟ್ರೆ?"

"ಹೊರಟ್ರೆ ಇಲ್ಲಿ ಕ್ಯಾಮೆರಾ ನಿನ್ನ ಕೈಗೆ ಬರಲ್ಲ."

ಇರುವೆ ಅವನ ಮುಖವನ್ನೇ ನೋಡಿದಳು. ಎಷ್ಟು ಸಾವಿರ ಮುಖ ನೋಡಿದ್ದಳು ಅವಳು, ಎಷ್ಟು ದೊಡ್ಡದು ಮಾಡಿ! ಈ ಒಂದು ಮುಖವನ್ನು ಮಾತ್ರ ಯಾವತ್ತೂ ಹಾಗೆ ನೋಡಿರಲಿಲ್ಲ. ನೋಡಬೇಕೆಂದು ಅನಿಸಿಯೇ ಇರಲಿಲ್ಲ.

ಅರ್ಧ ಕೋಣೆಗೆ ಹೋಗಿ ಎರಡು ಕ್ಯಾಮೆರಾಗಳನ್ನೂ ಮೆತ್ತನೆ ಬಟ್ಟೆಯಿಂದ ಒರೆಸಿ, ಮುಚ್ಚಳ ಹಾಕಿ, ಚೀಲಕ್ಕಿಟ್ಟಳು. ಹಳೆಯದನ್ನು ಇಡುವಾಗ ಒಂದು ಕ್ಷಣ ಅದನ್ನು ಅಂಗೈಯಲ್ಲಿ ಹಿಡಿದಳು. ಅದೇ ತೂಕ. ನೋಟ್‌ಬುಕ್ ತೆರೆದು, ಹಾಳೆಯ ಕೊನೆಗೆ ಬರೆದಳು: 'ಹೊಸದು ಒಳ್ಳೆಯದು. ಹಳೆಯದು ನನ್ನದು.' ನಂಬರು ಬರೆದಿದ್ದ ಹಾಳೆ, ಚುಕ್ಕೆಯ ಮೇಲೆ ಚುಕ್ಕೆ ಕೂತ ಫೋಟೊದ ಪ್ರಿಂಟು, ವಾರಂಟಿ ಕಾರ್ಡು, ಮೂರನ್ನೂ ನೋಟ್‌ಬುಕ್ಕಿನೊಳಗಿಟ್ಟು ರಬ್ಬರ್ ಬ್ಯಾಂಡ್ ಹಾಕಿದಳು. ಕ್ಯಾಮೆರಾ ಚೀಲವನ್ನು ಅಣ್ಣನ ಮುಂದಿಟ್ಟು, "ನೀನೇ ವಾಪಸ್ ಕೊಡು. ಕಾರ್ಡ್ ನಾನು ಕೊಟ್ಕೋತೀನಿ" ಎಂದು ಮೆಟ್ಟಿಲಿಳಿದಳು.

ಸೈಕಲ್ ಸ್ಟ್ಯಾಂಡಿನಲ್ಲಿ ವಾಚ್‌ಮನ್ ಒಂದು ಮುರುಕು ಕುರ್ಚಿಯ ಮೇಲೆ ಕೂತಿದ್ದರು. ಮೊದಲಿಗಿಂತ ಕುಗ್ಗಿದ್ದರು. ಅವಳನ್ನು ನೋಡಿದ ತಕ್ಷಣ ಗುರುತು ಹಿಡಿದರು.

"ಇವತ್ತು ರಸ್ತೆಯ ಈ ಬದಿಗೇ ಬಂದ್ರಲ್ಲ ಅಮ್ಮಾ" ಎಂದರು.

ಅವಳು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತುಗಳೆಲ್ಲ ಕೈಕೊಟ್ಟವು. "ಯಜಮಾನ್ರೇ, ನಾನು ಚೀಲ ಮೆಟ್ಟಿಲ ಮೇಲೆ ಬಿಟ್ಟಿರಲಿಲ್ಲ" ಎಂದಷ್ಟೇ ಶುರುಮಾಡಿದಳು. ಕೊನೆಯವರೆಗೂ ಹೇಳಿದಳು. ಅವರು ನಡುವೆ ಇಬ್ಬರಿಗೆ ಚೀಟಿ ಹರಿದುಕೊಟ್ಟರು. ಹೇಳಿ ಮುಗಿದ ಮೇಲೆ ಅವಳ ಹಿಂದೆ, ರಸ್ತೆಯ ಕಡೆ ನೋಡಿದರು.

"ನಿಮ್ಮಣ್ಣ ಬರಲಿಲ್ವಾ?"

"ಇಲ್ಲ."

"ಡಬ್ಬಿಯಲ್ಲಿ ಬರೀ ಅನ್ನ ಇತ್ತಮ್ಮಾ ಅವತ್ತು. ಪಲ್ಯ ಕೂಡ ಇರಲಿಲ್ಲ. ಮಕ್ಕಳೆಲ್ಲ ಬಗ್ಗಿ ಬಗ್ಗಿ ನೋಡಿದ್ರು" ಎಂದರು ಅವರು. "ಕಳ್ಳ ಅಂದಿದ್ದಕ್ಕಿಂತ ಅದೇ ಜಾಸ್ತಿ ಕೂತ್ಬಿಡ್ತು ಮನಸ್ಸಲ್ಲಿ." ಆಮೇಲೆ ಅವಳ ಕೈಯಲ್ಲಿದ್ದ ನೋಟ್‌ಬುಕ್ ನೋಡಿದರು. "ಇದನ್ನ ಹೆಡ್ ಮೇಡಂ ಮುಂದೆ ಹೇಳ್ತೀರಾ?"

"ಹೇಳ್ತೀನಿ. ನೀವೂ ಬನ್ನಿ."

ಅವರು ಅಂಗಿಯ ಮೇಲಿನ ಗುಂಡಿ ಹಾಕಿಕೊಂಡರು. ಪಕ್ಕದ ಹಣ್ಣಿನವಳಿಗೆ ಸೈಕಲ್ ನೋಡಿಕೊಳ್ಳಲು ಹೇಳಿದರು. ಇಬ್ಬರೂ ಶಾಲೆಯ ಕಡೆ ನಡೆದರು. ಶಾಲೆಯ ಮೆಟ್ಟಿಲು ಬಂದಾಗ ಇರುವೆ ಅದರ ಕಡೆ ನೋಡದೆ ಹತ್ತಿದಳು.

ಹೆಡ್ ಮೇಡಂ ಅವಳನ್ನು ಕಂಡದ್ದೇ ಎದ್ದು ಬಂದು ಭುಜ ಹಿಡಿದರು. "ಬಾಮ್ಮಾ ಇರುವೆ, ಕೂತ್ಕೋ, ಕೂತ್ಕೋ" ಎಂದರು, ಕಾಯಿಲೆಯವರ ಹತ್ತಿರ ಮಾತಾಡುವ ದನಿಯಲ್ಲಿ. "ನಿಮ್ಮಣ್ಣ ಈಗಷ್ಟೇ ಫೋನ್ ಮಾಡಿದ್ರು. ಪಾಪ, ಅಳ್ತಾ ಇದ್ರು. ಸ್ವಲ್ಪ ದಿನದಿಂದ ನಿನ್ನ ಮನಸ್ಸು ಸರಿಯಿಲ್ಲವಂತೆ. ಆ ಹಳೇ ಕ್ಯಾಮೆರಾ ವಿಷಯ ತಲೇಲಿ ಇಟ್ಕೊಂಡು ಏನೇನೋ ಹೇಳ್ತಿದ್ದೀಯಂತೆ. ಏನು ಹೇಳಿದ್ರೂ ಬೇಜಾರು ಮಾಡ್ಕೋಬೇಡಿ ಅಂದ್ರು."

ಬಾಗಿಲ ಹತ್ತಿರ ನಿಂತಿದ್ದ ವಾಚ್‌ಮನ್ ಒಂದು ಹೆಜ್ಜೆ ಹಿಂದೆ ಸರಿದರು.

ಬೆಳಗ್ಗೆ ಬಸ್ಸಿನಲ್ಲಿ ಬರದ ಅಳು ಈಗ ಇರುವೆಯ ಕಣ್ಣಿನವರೆಗೆ ಬಂತು. ಈಗ ಅತ್ತರೆ ಅಣ್ಣನ ಮಾತೇ ನಿಜವಾಗುತ್ತದೆ ಎಂದು ಅವಳಿಗೆ ಗೊತ್ತಿತ್ತು. ಅವನಿಗೂ ಗೊತ್ತಿತ್ತು. ಅದಕ್ಕೇ ಹಾಗೆ ಹೇಳಿದ್ದ.

ಅವಳು ಉಸಿರು ಬಿಟ್ಟಳು, ಪೂರ್ತಿ. ಕೂರಲಿಲ್ಲ. ನೋಟ್‌ಬುಕ್ಕಿನ ರಬ್ಬರ್ ಬ್ಯಾಂಡ್ ತೆಗೆದು ಕೈಗೆ ಹಾಕಿಕೊಂಡು, ಕಾರ್ಡು, ಹಾಳೆ, ಪ್ರಿಂಟು ಮೂರನ್ನೂ ಮೇಜಿನ ಮೇಲೆ ಅಂಚಿಗೆ ಅಂಚು ಸರಿಯಾಗಿ ಜೋಡಿಸಿದಳು.

"ನಾನು ಹೇಳೋದು ಬೇಡ ಮೇಡಂ, ನೀವೇ ಓದಿ" ಎಂದಳು. "ಮೊದಲು ಈ ಕಾರ್ಡು. ಮುಂದೆ ಇರೋ ಅಕ್ಷರ ನಂದು. ತಿರುಗಿಸಿ, ಹಿಂದೆ ಇರೋ ಸಹಿ ಯಾರದ್ದು ನೋಡಿ. ಆಮೇಲೆ ಇವರಿಗೂ ಒಂದು ಕುರ್ಚಿ ಹಾಕ್ಸಿ."